ಮೆಕ್ಕೆಜೋಳಕ್ಕೆ ಎರಡು ಬೆಲೆ: ಸರ್ಕಾರದ ಕೆಲಸ ಯಾವುದು, ಮಾರುಕಟ್ಟೆಯ ಕೆಲಸ ಯಾವುದು?

2025ರ ಸುಗ್ಗಿಯಲ್ಲಿ ನಮ್ಮ ಮನೆಯ ಮೆಕ್ಕೆಜೋಳಕ್ಕೆ ಎರಡು ಬೆಲೆ ಇದ್ದವು. ಒಂದು, ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ. ಕ್ವಿಂಟಲ್‌ಗೆ 2,400 ರೂಪಾಯಿ. ಇನ್ನೊಂದು, ದಾವಣಗೆರೆ ಮಾರ್ಕೆಟ್ ಯಾರ್ಡಿನಲ್ಲಿ ಟೆಂಡರ್ ಆದ ಬೆಲೆ. ಅದು ಎರಡು ಸಾವಿರವನ್ನೂ ಮುಟ್ಟಲಿಲ್ಲ. ಮೊದಲನೆಯದನ್ನು ಪೇಪರಿನಲ್ಲಿ ಓದಿದೆವು. ಎರಡನೆಯದು ಕೈಗೆ ಬಂತು.

ಆ ವಾರ ಮನೆ ಮುಂದಿನ ಕಟ್ಟೆ ಮೇಲೆ ದೊಡ್ಡಪ್ಪನಿಗೂ ಮಾವನಿಗೂ ಜೋರು ಮಾತಾಯಿತು.

“ಸರ್ಕಾರ ಅಡ್ಡ ಬರದೆ ಇದ್ರೆ ಸಾಕು. ಕೊಳ್ಳೋನು, ಮಾರೋನು ಕೂತು ಬೆಲೆ ಮಾಡ್ಕೊಳ್ತಾರೆ,” ಎಂದರು ದೊಡ್ಡಪ್ಪ.

“ಹಂಗಲ್ಲ ಭಾವ. ದುಡ್ಡಿರೋನು ಕಾಯ್ತಾನೆ. ನಮ್ಮ ಕೈಲಿ ಕಾಯೋಕಾಗುತ್ತಾ? ಸೊಸೈಟಿ ಸಾಲ ಕಟ್ಬೇಕು, ಕೂಲಿ ಕೊಡ್ಬೇಕು. ಮಳೆ ಹನಿದ್ರೆ ಕಾಳು ಮುಗ್ಗುತ್ತೆ. ನಡುವೆ ಸರ್ಕಾರ ನಿಲ್ದೇ ಇದ್ರೆ ನಮ್ಮ ಮಾತು ಯಾರು ಕೇಳ್ತಾರೆ?” ಎಂದರು ಮಾವ.

ಇದು ಹಳೆಯ ವಾದ. 1944ರಲ್ಲಿ ಟಾಟಾ, ಬಿರ್ಲಾ ಅವರಂಥ ದೊಡ್ಡ ಉದ್ಯಮಿಗಳೇ ಸೇರಿ ಬಾಂಬೆ ಯೋಜನೆ ಬರೆದರು. ದೇಶದ ದೊಡ್ಡ ಕೆಲಸಗಳಿಗೆ ಸರ್ಕಾರವೇ ದುಡ್ಡು ಹಾಕಬೇಕು ಎಂದರು. 1959ರಲ್ಲಿ ರಾಜಾಜಿಯವರು ಸ್ವತಂತ್ರ ಪಕ್ಷ ಕಟ್ಟಿದ್ದು ಇದಕ್ಕೆ ನೇರ ಎದುರಾಗಿ. ಎಲ್ಲದಕ್ಕೂ ಪರ್ಮಿಟ್ಟು, ಲೈಸೆನ್ಸು ಬೇಡುವ ಆಡಳಿತ ಜನರ ಕೈ ಕಟ್ಟುತ್ತದೆ ಎನ್ನುವುದು ಅವರ ಸಿಟ್ಟು. 1991ರ ಜುಲೈಯಲ್ಲಿ ಆ ಲೈಸೆನ್ಸಿನ ಕಟ್ಟು ಬಹಳಷ್ಟು ಸಡಿಲವಾಯಿತು. ಆದರೂ ವಾದ ಮುಗಿದಿಲ್ಲ. ಪಕ್ಷ, ಸಿದ್ಧಾಂತಗಳ ಹೆಸರು ಹಿಡಿದು ಹೊರಟರೆ ಅದು ಮುಗಿಯುವುದೂ ಇಲ್ಲ. ಅದರ ಬದಲು ನಮ್ಮ ಕಣ್ಣ ಮುಂದಿನ ಒಂದೊಂದೇ ಸರಕು ಹಿಡಿದು ನೋಡೋಣ.

ಮೊದಲು ದೊಡ್ಡಪ್ಪನ ಮಾತು. ಸಂಜೆಯಾದರೆ ದಾವಣಗೆರೆಯ ಯಾವ ಬೀದಿಗೆ ಹೋದರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಿಗುತ್ತವೆ. ಊರಿಗೆ ಇವತ್ತು ಇಷ್ಟು ಸೇರು ಮಂಡಕ್ಕಿ ಬೇಕು ಎಂದು ಯಾವ ಅಧಿಕಾರಿಯೂ ಪಟ್ಟಿ ಮಾಡಿಲ್ಲ. ಭತ್ತ ಬೆಳೆದವರಿಗೆ ಮಂಡಕ್ಕಿ ಹುರಿಯುವ ಭಟ್ಟಿಯವರ ಪರಿಚಯವಿಲ್ಲ. ಭಟ್ಟಿಯವರಿಗೆ ಕಡಲೆ ಹಿಟ್ಟು ಮಾಡುವವರ ಪರಿಚಯವಿಲ್ಲ. ತಳ್ಳುಗಾಡಿಯ ಅಕ್ಕನಿಗೆ ಇವರಲ್ಲಿ ಯಾರೂ ಗೊತ್ತಿಲ್ಲ. ಆದರೂ ಐದು ಗಂಟೆಗೆ ಬಾಣಲೆಯಲ್ಲಿ ಎಣ್ಣೆ ಕಾಯುತ್ತದೆ.

ಇವರನ್ನೆಲ್ಲ ಜೋಡಿಸಿದ್ದು ಬೆಲೆ. ಮೆಣಸಿನಕಾಯಿ ದುಬಾರಿಯಾದರೆ ಅಕ್ಕ ಪ್ಲೇಟಿಗೆ ಒಂದು ಕಡಿಮೆ ಹಾಕುತ್ತಾರೆ. ಆ ಬೆಲೆ ನೋಡಿ ಎಲ್ಲೋ ಒಬ್ಬ ರೈತ ಮುಂದಿನ ಸಲ ಎರಡು ಸಾಲು ಜಾಸ್ತಿ ನೆಡುತ್ತಾನೆ. ಮಳೆ ಕೆಟ್ಟಿತೋ, ಬೇರೆ ಕಡೆ ಬೇಡಿಕೆ ಬಂತೋ, ಕಾರಣ ಇಬ್ಬರಿಗೂ ಗೊತ್ತಿರಬೇಕಿಲ್ಲ. ಸಾವಿರಾರು ಜನರ ತಲೆಯಲ್ಲಿ ಚೂರು ಚೂರಾಗಿ ಇರುವ ತಿಳಿವಳಿಕೆಯನ್ನು ಆ ಒಂದು ಅಂಕಿ ಹೊತ್ತು ತರುತ್ತದೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತ ಯಾವ ಕಚೇರಿಯೂ ಇದನ್ನು ಇಷ್ಟು ಬೇಗ ಮಾಡಲಾರದು. ಮಾರುಕಟ್ಟೆಯ ಪರವಾಗಿ ಇರುವ ದೊಡ್ಡ ವಾದ ಇದು. ನಾನು ಇದನ್ನು ಮನಸಾರೆ ಒಪ್ಪುತ್ತೇನೆ.

ಆದರೆ ಆ ಭತ್ತಕ್ಕೆ ನೀರು ಎಲ್ಲಿಂದ ಬಂತು?

ನಮ್ಮ ಸುತ್ತಲಿನ ಗದ್ದೆಗಳಿಗೆ ನೀರು ಬರುವುದು ಭದ್ರಾ ನಾಲೆಯಿಂದ. ಲಕ್ಕವಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಜಾಸ್ತಿ ನೆಲಕ್ಕೆ ನೀರು ಕೊಡುತ್ತದೆ. ಅತ್ತ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರವಿದೆ. ನಮ್ಮ ಕಡೆಯ ಜನ ಮಾರಿಕಣಿವೆ ಎನ್ನುವ ಆ ಕಟ್ಟೆಯ ಕೆಲಸವನ್ನು ಮೈಸೂರು ಸಂಸ್ಥಾನ 1907ರಲ್ಲಿ ಮುಗಿಸಿತು. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ತುಂಬದ ವರ್ಷಗಳಲ್ಲೂ ಅದು ಹಿರಿಯೂರಿನ ತೋಟಗಳನ್ನು ಸಾಕಿತು. ಇಂಥದ್ದಕ್ಕೆ ಯಾವ ಸಾಹುಕಾರ ದುಡ್ಡು ಹಾಕುತ್ತಾನೆ ಹೇಳಿ. ಹಾಕಿದ ಬಂಡವಾಳ ಅವನ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆಂಬ ಖಾತ್ರಿಯಿಲ್ಲ. ಅದರ ಲಾಭ ಊರಿಗೆಲ್ಲ ಹಂಚಿಹೋಗುತ್ತದೆ. ಕೆರೆ ತುಂಬಿದ್ದರಿಂದ ನನ್ನ ಬಾವಿಯಲ್ಲಿ ನೀರು ಏರಿದರೆ ಆ ಸಾಹುಕಾರ ನನಗೆ ಬಿಲ್ ಕಳಿಸಲು ಆಗುತ್ತದೆಯೇ?

ಕಟ್ಟಿದರೆ ಕೆಲಸ ಮುಗಿಯಲಿಲ್ಲ. ನಾಲೆಯ ಮೇಲ್ಭಾಗದಲ್ಲಿ ಇರುವವರು ಪಂಪ್ ಇಟ್ಟು ಎಳೆದರೆ ಕೊನೆ ಭಾಗದ ಗದ್ದೆ ಬಿರುಕು ಬಿಡುತ್ತದೆ. ಮಲೇಬೆನ್ನೂರು, ಹರಿಹರದ ಕಡೆಯ ರೈತರು ಟ್ರ್ಯಾಕ್ಟರ್ ತಂದು ರಸ್ತೆಯಲ್ಲಿ ಕೂರುವುದನ್ನು ನೀವೂ ನೋಡಿರುತ್ತೀರಿ. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಯಾವ ವ್ಯಾಪಾರವೂ ಸಾಧ್ಯವಿಲ್ಲ. ನೀರು ಮೊದಲು ಮೇಲಿನವರ ಹೊಲ ದಾಟಿಯೇ ಬರಬೇಕಲ್ಲ. ಯಾವ ದಿನ ಬಿಡಬೇಕು, ಎಷ್ಟು ದಿನ ನಿಲ್ಲಿಸಬೇಕು, ಯಾರ ಪಂಪ್ ತೆಗೆಸಬೇಕು ಎಂದು ಹೇಳುವ, ಹೇಳಿದ್ದನ್ನು ಮಾಡಿಸುವ ಒಂದು ಅಧಿಕಾರ ಬೇಕು. ಇಲ್ಲಿ ನಾನು ಮಾವನ ಕಡೆ.

ತಕ್ಕಡಿಯ ವಿಷಯದಲ್ಲೂ ಅಷ್ಟೇ. ಕೆಲವು ವರ್ಷಗಳ ಹಿಂದೆ ಒಬ್ಬ ಖರೀದಿದಾರ ನಮ್ಮ ಊರಿಗೇ ಲಾರಿ ತಂದ. ಯಾರ್ಡಿಗಿಂತ ಕ್ವಿಂಟಲ್‌ಗೆ ಐವತ್ತು ರೂಪಾಯಿ ಜಾಸ್ತಿ ಕೊಡುತ್ತೇನೆ ಎಂದ. ಹಮಾಲಿ ಇಲ್ಲ, ಬಾಡಿಗೆ ಇಲ್ಲ. ಅಪ್ಪ ಸೇರಿ ಐದಾರು ಮನೆಯವರು ಕಾಳು ತುಂಬಿ ಕಳಿಸಿದರು. ಮೊದಲ ಕಂತು ಬಂತು. ಉಳಿದದ್ದಕ್ಕೆ ಫೋನ್ ಮಾಡಿದರೆ ಸ್ವಿಚ್ ಆಫ್. ಅವನ ಊರು ಯಾವುದು, ಲೈಸೆನ್ಸ್ ಇದೆಯೇ, ಯಾರ ಹತ್ತಿರ ದೂರು ಕೊಡಬೇಕು, ಯಾವುದೂ ಗೊತ್ತಿರಲಿಲ್ಲ. ಅಮ್ಮ ಆ ವರ್ಷ ಬಂಗಾರ ಅಡ ಇಟ್ಟರು.

ಆಗ ನನಗೆ ಅರ್ಥವಾದದ್ದು, ಪೇಟೆ ಎಂದರೆ ಬರೀ ಕೊಳ್ಳುವವರು, ಮಾರುವವರು ಅಲ್ಲ ಎಂದು. ಸರಿಯಾದ ತೂಕ, ಲೈಸೆನ್ಸು, ತೂಕದ ಚೀಟಿ, ದುಡ್ಡು ಕೊಡದಿದ್ದರೆ ಕೇಳಲು ಒಂದು ಬಾಗಿಲು, ಇಷ್ಟೂ ಇದ್ದರೆ ಮಾತ್ರ ಅದು ಪೇಟೆ. ಕರ್ನಾಟಕದಲ್ಲಿ 1966ರ ಎಪಿಎಂಸಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ, ಕಾಯ್ದೆ ಹುಟ್ಟಿದ್ದು ಇದಕ್ಕಾಗಿಯೇ.

ಹಾಗೆಂದು ಯಾರ್ಡಿನ ಗೋಡೆ ಒಳಗೇ ಮಾರಬೇಕು ಎಂದು ಕಟ್ಟಿಹಾಕಿದರೂ ಕಷ್ಟ. ಒಳಗೆ ಕೊಳ್ಳುವವರು ಹತ್ತೇ ಜನ ಇದ್ದು ಆ ಹತ್ತೂ ಜನ ಒಂದಾದರೆ ರೈತ ಎಲ್ಲಿಗೆ ಹೋಗಬೇಕು? 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ಹೊರಗಿನ ಖರೀದಿಗೆ ದಾರಿ ಬಿಟ್ಟಿತು. ಅದೇ ವರ್ಷ ಕೇಂದ್ರ ಮೂರು ಕೃಷಿ ಕಾನೂನು ತಂದಿತು. ರೈತರು ಒಂದು ವರ್ಷ ದೆಹಲಿಯ ಗಡಿಯಲ್ಲಿ ಕೂತ ಮೇಲೆ 2021ರ ನವೆಂಬರ್‌ನಲ್ಲಿ ಅವನ್ನು ಹಿಂದೆ ತೆಗೆದುಕೊಂಡಿತು. ನನ್ನ ಅನಿಸಿಕೆ ಹೇಳುತ್ತೇನೆ. ಹೊರಗೆ ಮಾರುವ ಬಾಗಿಲು ತೆರೆದದ್ದು ತಪ್ಪಲ್ಲ. ಬಾಗಿಲ ಹೊರಗೂ ಅದೇ ತಕ್ಕಡಿ, ಅದೇ ಲೈಸೆನ್ಸು, ಅದೇ ದೂರಿನ ದಾರಿ ಇರಬೇಕಿತ್ತು. ನಮ್ಮ ಅಪ್ಪನಂಥವರಿಗೆ ಆ ಐವತ್ತು ರೂಪಾಯಿಗಿಂತ ಅದು ಮುಖ್ಯ.

ಈಗ ಮತ್ತೆ ಮೆಕ್ಕೆಜೋಳಕ್ಕೆ ಬರೋಣ. 2,400 ಎಂದು ಸರ್ಕಾರವೇ ಹೇಳಿದ ಮೇಲೆ ಅದಕ್ಕಿಂತ ಕಡಿಮೆಗೆ ಹೇಗೆ ಕೊಂಡರು? ಇದನ್ನು ತುಂಬ ಜನ ಕೇಳುತ್ತಾರೆ. ಬೆಂಬಲ ಬೆಲೆ ಕಾನೂನು ಎಂದೇ ಹಲವರು ತಿಳಿದಿದ್ದಾರೆ. ಅದು ಕಾನೂನಲ್ಲ.

1965ರಲ್ಲಿ ಕೃಷಿ ಬೆಲೆಗಳ ಆಯೋಗ ಶುರುವಾಯಿತು. ಅದೇ ವರ್ಷ ಭಾರತ ಆಹಾರ ನಿಗಮವೂ ಶುರುವಾಯಿತು. ದೇಶದಲ್ಲಿ ಆಹಾರಕ್ಕೆ ಬರ ಇದ್ದ ಕಾಲ ಅದು. ಒಬ್ಬರು ಬೆಲೆ ಲೆಕ್ಕ ಹಾಕಬೇಕು, ಇನ್ನೊಬ್ಬರು ಆ ಬೆಲೆಗೆ ಕೊಂಡು ರೇಷನ್ ಅಂಗಡಿಗೆ ಕಳಿಸಬೇಕು. ಎರಡೂ ಜೋಡೆತ್ತು. ಇವತ್ತು 22 ಬೆಳೆಗಳಿಗೆ ಬೆಂಬಲ ಬೆಲೆ ಘೋಷಣೆಯಾಗುತ್ತದೆ. ರೈತ ಕೈಯಿಂದ ಹಾಕಿದ ಖರ್ಚು, ಅದಕ್ಕೆ ಮನೆಯವರ ದುಡಿಮೆಯ ಕೂಲಿ ಸೇರಿಸಿ, ಅದರ ಒಂದೂವರೆ ಪಟ್ಟಾದರೂ ಇರಬೇಕು ಎನ್ನುವುದು ಈಗಿನ ಲೆಕ್ಕ. ಎಂ.ಎಸ್. ಸ್ವಾಮಿನಾಥನ್ ಅವರ ಆಯೋಗ ಹೇಳಿದ್ದ ಒಂದೂವರೆ ಪಟ್ಟಿನಲ್ಲಿ ಸ್ವಂತ ಜಮೀನಿನ ಗೇಣಿ, ಬಂಡವಾಳದ ಬಡ್ಡಿಯೂ ಸೇರಬೇಕು ಎಂದು ರೈತ ಸಂಘಗಳು ವಾದಿಸುತ್ತವೆ. ಆ ಜಗಳ ಬೇರೆಯೇ ಇದೆ.

ಆದರೆ ಜೋಡೆತ್ತಿನಲ್ಲಿ ಎರಡನೆಯದು ಎಲ್ಲ ಬೆಳೆಗೂ ಬರುವುದಿಲ್ಲ. ಬೆಲೆ ಹೇಳುವುದಕ್ಕೆ ಖರ್ಚಿಲ್ಲ. ಕೊಳ್ಳುವುದಕ್ಕೆ ದುಡ್ಡು, ಗೋದಾಮು, ಚೀಲ, ಲಾರಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊಂಡದ್ದನ್ನು ಏನು ಮಾಡಬೇಕು ಎಂದು ಗೊತ್ತಿರಬೇಕು. ಹೊಸದುರ್ಗದ ರಾಗಿ ನೋಡಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ 4,886 ರೂಪಾಯಿ. ಸರ್ಕಾರ ಅದನ್ನು ಕೊಂಡು ರೇಷನ್ ಕಾರ್ಡಿಗೆ ಕೊಡುತ್ತದೆ. ಖರೀದಿ ಕೇಂದ್ರದ ಮುಂದೆ ಕ್ಯೂ ಇರುತ್ತದೆ, ಒಬ್ಬರಿಂದ ಇಷ್ಟೇ ಎಂಬ ಮಿತಿ ಇರುತ್ತದೆ, ಪಹಣಿ ಸರಿಯಿಲ್ಲ ಎಂದು ಓಡಾಡಿಸುತ್ತಾರೆ. ಆದರೂ ಕೊಳ್ಳುತ್ತಾರೆ. ಮೆಕ್ಕೆಜೋಳವನ್ನು ರೇಷನ್ನಿನಲ್ಲಿ ಯಾರೂ ಕೇಳುವುದಿಲ್ಲ. ಅದು ಹೋಗುವುದು ಕೋಳಿ ಫಾರಂಗೆ, ಸ್ಟಾರ್ಚ್ ಫ್ಯಾಕ್ಟರಿಗೆ, ಎಥೆನಾಲ್‌ಗೆ. ಸರ್ಕಾರ ಕೊಂಡರೆ ಮತ್ತೆ ಅದೇ ಫ್ಯಾಕ್ಟರಿಗಳಿಗೇ, ನಷ್ಟಕ್ಕೆ, ಮಾರಬೇಕು. ಆದ್ದರಿಂದ ಖರೀದಿ ಕೇಂದ್ರ ತೆರೆಯಲು ಸರ್ಕಾರಗಳು ಹಿಂದೆ ಮುಂದೆ ನೋಡುತ್ತವೆ. ದೇಶದ ಲೆಕ್ಕವೂ ಹೀಗೇ ಇದೆ. ಬೆಂಬಲ ಬೆಲೆಗೆ ಸರ್ಕಾರಕ್ಕೆ ಮಾರುವ ರೈತರು ನೂರಕ್ಕೆ ಆರು ಜನ ಮಾತ್ರ ಎಂದು, ಆಹಾರ ನಿಗಮದ ಬಗ್ಗೆ ಕೇಂದ್ರ ನೇಮಿಸಿದ್ದ ಶಾಂತಕುಮಾರ್ ಸಮಿತಿ 2015ರಲ್ಲಿ ಹೇಳಿತು.

ಹಾಗಾದರೆ ಬೆಂಬಲ ಬೆಲೆಗಿಂತ ಕಡಿಮೆಗೆ ಕೊಳ್ಳುವುದೇ ಅಪರಾಧ ಎಂದು ಕಾನೂನು ಮಾಡಬಹುದಲ್ವಾ? ಮಾವ ಕೇಳಿದ್ದೂ ಇದನ್ನೇ. ಕೇಳಲು ನ್ಯಾಯವಾಗಿದೆ. ಆದರೆ 1,900ಕ್ಕಿಂತ ಜಾಸ್ತಿ ಗಿಟ್ಟುವುದಿಲ್ಲ ಎನ್ನುವ ಫ್ಯಾಕ್ಟರಿಗೆ 2,400 ಕೊಡಲೇಬೇಕು ಎಂದರೆ ಅದು ಕೊಳ್ಳುವುದನ್ನೇ ನಿಲ್ಲಿಸಬಹುದು. ಬೇರೆ ರಾಜ್ಯಕ್ಕೆ ಹೋಗಬಹುದು. ಕೋಳಿ ಆಹಾರದಲ್ಲಿ ಬೇರೆ ಕಾಳು ಬೆರೆಸಬಹುದು. ಆಗ ನಮ್ಮ ಕಾಳಿಗೆ 1,900 ಕೂಡ ಇಲ್ಲ.

ಇನ್ನೊಂದು ದಾರಿ, ವ್ಯತ್ಯಾಸದ ದುಡ್ಡನ್ನು ಸರ್ಕಾರ ನೇರ ರೈತನ ಖಾತೆಗೆ ಹಾಕುವುದು. ಮಧ್ಯಪ್ರದೇಶ 2017ರಲ್ಲಿ ಭಾವಾಂತರ ಯೋಜನೆ ಎಂದು ಇದನ್ನು ಮಾಡಿತು. ಇದರಲ್ಲಿ ಗೋದಾಮಿನ ತಲೆನೋವಿಲ್ಲ. ಆದರೆ ಉಳಿದದ್ದನ್ನು ಸರ್ಕಾರ ಕೊಡುತ್ತದೆ ಎಂದು ಗೊತ್ತಾದ ವ್ಯಾಪಾರಿಗೆ ಬೆಲೆ ಏರಿಸುವ ಮನಸ್ಸು ಎಲ್ಲಿಂದ ಬರಬೇಕು? ಅದಕ್ಕೇ ಹೇಳುವುದು, ಪ್ರತಿ ದಾರಿಯಲ್ಲೂ ಯಾರೋ ಒಬ್ಬರು ದುಡ್ಡು ಕೊಡಲೇಬೇಕು. ಯಾರು, ಎಷ್ಟು, ಎಲ್ಲಿಂದ ಎನ್ನುವುದನ್ನು ಹೇಳದೆ ಬರೀ ಅಂಕಿ ಘೋಷಿಸುವುದು ರೈತನಿಗೆ ಮಾಡುವ ಅನ್ಯಾಯ. ಏಕೆಂದರೆ ಆ ಅಂಕಿ ನಂಬಿ ಅವನು ಬಿತ್ತುತ್ತಾನೆ.

ದೊಡ್ಡಪ್ಪ ಇಲ್ಲಿ “ನೋಡಿದ್ರಾ, ಪೇಟೆ ಬೆಲೆನೇ ನಿಜವಾದ ಬೆಲೆ” ಎಂದರು. ಅದನ್ನೂ ಸ್ವಲ್ಪ ಕೆದಕಬೇಕು. ಮೊನ್ನೆ ಮೊನ್ನೆಯವರೆಗೆ ಮೆಕ್ಕೆಜೋಳದ ಬೆಲೆ ಚೆನ್ನಾಗಿತ್ತಲ್ಲ, ಏಕೆ? ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಬೇಕು ಎಂಬ ಗುರಿ ಮೊದಲು 2030ಕ್ಕೆ ಇತ್ತು. ಕೇಂದ್ರ ಸರ್ಕಾರ ಅದನ್ನು 2025-26ಕ್ಕೇ ತಂದಿತು. ಡಿಸ್ಟಿಲರಿಗಳು ಮೆಕ್ಕೆಜೋಳ ಹುಡುಕಿದವು. ಬೆಲೆ ಏರಿತು. ಅದನ್ನು ನೋಡಿ ನಾವೂ ಬಿತ್ತಿದೆವು, ಪಕ್ಕದವರೂ ಬಿತ್ತಿದರು. ಎಲ್ಲರ ಬೆಳೆ ಒಂದೇ ತಿಂಗಳಲ್ಲಿ ಕಣಕ್ಕೆ ಬಂತು. ದೊಡ್ಡಪ್ಪ ಪೇಟೆಯದು ಎನ್ನುವ ಆ ಒಳ್ಳೆಯ ಬೆಲೆಯ ಹಿಂದೆ ಸರ್ಕಾರದ ಒಂದು ತೀರ್ಮಾನ ಇತ್ತು.

ಚನ್ನಗಿರಿಯ ಅಡಿಕೆಯೂ ಹಾಗೆಯೇ. ಕೆಜಿಗೆ 351 ರೂಪಾಯಿಗಿಂತ ಕಡಿಮೆಗೆ ಹೊರದೇಶದ ಅಡಿಕೆ ತರಿಸಬಾರದು ಎಂದು 2023ರಲ್ಲಿ ನಿಯಮ ಬಂತು. ಅಡಿಕೆ ಬೆಳೆಗಾರರು ಅದನ್ನು ಸ್ವಾಗತಿಸಿದರು. ಅದು ಸರಿಯೇ. ಸರ್ಕಾರ ಯಾವುದಕ್ಕೂ ಬೇಡ ಎನ್ನುವವರು ಈ ನಿಯಮವನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಅಷ್ಟೇ.

ಸರ್ಕಾರದ ಕೈ ಉಲ್ಟಾ ಬೀಸಿದ್ದನ್ನು ನೋಡಬೇಕಾದರೆ ಚಿತ್ರದುರ್ಗದ ಈರುಳ್ಳಿ ರೈತರನ್ನು ಕೇಳಬೇಕು. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಚಳ್ಳಕೆರೆ, ಹಿರಿಯೂರು ಕಡೆ ಗೆಡ್ಡೆ ದಪ್ಪವಾಗಲೇ ಇಲ್ಲ. ಇಳುವರಿ ಇಲ್ಲದ ವರ್ಷ ಬೆಲೆಯಾದರೂ ಕೈ ಹಿಡಿಯಬೇಕು. ಆ ಆಗಸ್ಟ್‌ನಲ್ಲಿ ಕೇಂದ್ರ ಈರುಳ್ಳಿ ರಫ್ತಿನ ಮೇಲೆ ನೂರಕ್ಕೆ 40 ಸುಂಕ ಹಾಕಿತು. ಡಿಸೆಂಬರ್‌ನಲ್ಲಿ ರಫ್ತನ್ನೇ ನಿಲ್ಲಿಸಿತು. 2024ರ ಮೇ ತಿಂಗಳವರೆಗೆ ಆ ಬಾಗಿಲು ತೆರೆಯಲಿಲ್ಲ.

“ನಮ್ಮ ಈರುಳ್ಳಿ ಹಡಗು ಹತ್ತೋದಿಲ್ಲ, ನಮಗೇನು?” ಎನ್ನುವವರಿದ್ದಾರೆ. ನಿಜ, ನಮ್ಮದು ಹೆಚ್ಚಾಗಿ ಬೆಂಗಳೂರಿಗೇ ಹೋಗುತ್ತದೆ. ಆದರೆ ನಾಸಿಕ್‌ನ ಈರುಳ್ಳಿ ಹಡಗು ಹತ್ತದಿದ್ದರೆ ಅದೂ ಬೆಂಗಳೂರಿಗೇ ಬರುತ್ತದೆ. ನಗರದಲ್ಲಿ ಕೆಜಿಗೆ ಹತ್ತು ರೂಪಾಯಿ ಇಳಿಯಲು ಹೊಲದವನು ತನ್ನ ಇಡೀ ವರ್ಷದ ದುಡಿಮೆ ಕೊಟ್ಟ. ತಿನ್ನುವವರಿಗೆ ಈರುಳ್ಳಿ ಕೈಗೆಟುಕಬೇಕು, ಒಪ್ಪುತ್ತೇನೆ. ಬಡವರ ಮನೆಯಲ್ಲಿ ರೊಟ್ಟಿ ಜೊತೆ ಅದೊಂದೇ ಇರುತ್ತದೆ. ಆದರೆ ಬೆಲೆ ಏರಿದಾಗ ಒಂದೇ ರಾತ್ರಿಯಲ್ಲಿ ಆದೇಶ ಬರುತ್ತದೆ. ಬೆಲೆ ಬಿದ್ದು ರೈತರು ಹೊಲದಲ್ಲೇ ರೋಟವೇಟರ್ ಹೊಡೆಸಿದಾಗ ಅದೇ ವೇಗದಲ್ಲಿ ಯಾರೂ ಬರುವುದಿಲ್ಲ. ನನಗೆ ನೋವಾಗುವುದು ಇದಕ್ಕೆ. ಸರ್ಕಾರ ಮಧ್ಯೆ ಬರುವುದಾದರೆ ಬಿತ್ತುವ ಮುಂಚೆ ಹೇಳಿ ಬರಲಿ. ಇಷ್ಟು ಬೆಲೆ ದಾಟಿದರೆ ಸುಂಕ, ಇಷ್ಟಕ್ಕಿಂತ ಇಳಿದರೆ ಖರೀದಿ ಎಂದು ಮೊದಲೇ ಬರೆದಿಡಲಿ. ಆಗ ರೈತನೂ ಲೆಕ್ಕ ಹಾಕುತ್ತಾನೆ, ವ್ಯಾಪಾರಿಯೂ ಹಾಕುತ್ತಾನೆ.

ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ತಿರುಗಿ ಬೀಳುತ್ತದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ನಮ್ಮಂಥವರಿಗೆ ಅದು ಜೀವ. ಅದಿಲ್ಲದಿದ್ದರೆ ಒಣಭೂಮಿಯಲ್ಲಿ ಒಂದು ಎಕರೆ ತೋಟವೂ ಏಳುತ್ತಿರಲಿಲ್ಲ. ಆದರೆ ಕರೆಂಟಿಗೆ ಬೆಲೆಯಿಲ್ಲ, ನೆಲದೊಳಗಿನ ನೀರಿಗೂ ಬೆಲೆಯಿಲ್ಲ. ನನ್ನ ಬೋರ್ ಬತ್ತುವ ಮುಂಚೆ ಎಳೆದುಬಿಡೋಣ ಎಂದು ಪ್ರತಿಯೊಬ್ಬರಿಗೂ ಅನಿಸುತ್ತದೆ. ಜಗಳೂರು, ಚಳ್ಳಕೆರೆ ಕಡೆ ರಾತ್ರಿ ಹೋದರೆ ತಮಿಳುನಾಡು ನಂಬರಿನ ಬೋರ್ ಲಾರಿಗಳ ಸದ್ದು ಕೇಳುತ್ತದೆ. ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಈಗ ನೂರಾರು ಅಡಿ ಇಳಿಯಬೇಕು. ಉಚಿತ ಕರೆಂಟಿನಲ್ಲಿ ಉಳಿದದ್ದು ಬೋರಿನ ಸಾಲಕ್ಕೆ ಹೋಯಿತು.

ಮಂಡಕ್ಕಿ ಭಟ್ಟಿಯ ಹೊಗೆಯ ಕಥೆಯೂ ಇದರ ತಂಗಿ. ಹೊಗೆ ಕುಡಿಯುವ ಅಕ್ಕಪಕ್ಕದ ಮಕ್ಕಳ ಕೆಮ್ಮು ಮಂಡಕ್ಕಿಯ ಬೆಲೆಯಲ್ಲಿ ಸೇರಿಲ್ಲ. ಹಾಗೆಂದು ಭಟ್ಟಿ ಮುಚ್ಚಿಸಿದರೆ ಅದನ್ನೇ ನಂಬಿದ ಬಡ ಮನೆಗಳು ಬೀದಿಗೆ ಬರುತ್ತವೆ. ಹೊಗೆ ಕಡಿಮೆ ಮಾಡುವ ಒಲೆಗೆ ಸಾಲ, ಸ್ವಲ್ಪ ಸಹಾಯಧನ, ಅದಾದ ಮೇಲೆ ನಿಯಮ. ಈ ಕ್ರಮದಲ್ಲಿ ಹೋದರೆ ಸರ್ಕಾರ ಮಾಡಲು ಕೆಲಸವಿದೆ.

ಹತ್ತಿ ಗಿರಣಿಗಳ ವಿಷಯ ಮಾತ್ರ ನನಗೆ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಅಜ್ಜನಿಗೆ ನೆನಪಿತ್ತು. ಗಿರಣಿ ಸೈರನ್ ಕೇಳಿ ಊರು ಗಡಿಯಾರ ಸರಿಮಾಡಿಕೊಳ್ಳುತ್ತಿತ್ತಂತೆ. ಆಮೇಲೆ ಒಂದೊಂದಾಗಿ ಮುಚ್ಚಿದವು. ದೇಶದಲ್ಲಿ 1974ರಲ್ಲಿ ನಷ್ಟದ 103 ಗಿರಣಿಗಳನ್ನು ಸರ್ಕಾರವೇ ವಹಿಸಿಕೊಂಡಿತು. ಹಳೆಯ ಮಗ್ಗ ಹಳೆಯದೇ, ನಷ್ಟ ನಷ್ಟವೇ. ಗಿರಣಿ ಉಳಿಸಲು ಸುರಿದ ದುಡ್ಡಿನಲ್ಲಿ ಕೆಲಸಗಾರರಿಗೆ ಬೇರೆ ಕಸುಬು ಕಲಿಸಿದ್ದರೆ, ಅವರ ಮಕ್ಕಳ ಓದಿಗೆ ಕೊಟ್ಟಿದ್ದರೆ ಆಗುತ್ತಿತ್ತೇನೋ. ಆದರೆ ನಲವತ್ತೈದು ವಯಸ್ಸಿನಲ್ಲಿ ಕೆಲಸ ಹೋದವರಿಗೆ ಬೇರೆ ಕಸುಬು ಕಲಿ ಎನ್ನುವುದು ಸುಲಭದ ಮಾತೂ ಅಲ್ಲ.

ಈ ಎಳೆದಾಟದ ನಡುವೆ ನನಗೆ ಧೈರ್ಯ ಕೊಡುವುದು ಬೆಳಗಿನ ಹಾಲಿನ ಡೇರಿ. ಡೇರಿಯ ಸಂಘ ಊರಿನವರದೇ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗೆ ಒಂದು ಒಕ್ಕೂಟ, ಅದರ ಮೇಲೆ ನಂದಿನಿ ಹೆಸರಿನಲ್ಲಿ ಹಾಲು ಮಾರುವ ಕರ್ನಾಟಕ ಹಾಲು ಮಹಾಮಂಡಳ. ಅಮ್ಮ ಎರಡು ಲೀಟರ್ ಹಾಕಿದರೂ ಇಪ್ಪತ್ತು ಲೀಟರ್ ಹಾಕಿದವರ ಲೆಕ್ಕದಲ್ಲೇ ಬೆಲೆ. ಕೊಬ್ಬಿನ ಅಂಶ ಯಂತ್ರ ಹೇಳುತ್ತದೆ. ದುಡ್ಡು ಖಾತೆಗೆ ಬರುತ್ತದೆ. ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನವನ್ನು ರಾಜ್ಯ ಸರ್ಕಾರ ಸೇರಿಸುತ್ತದೆ. ಅದು ತಡವಾಗುವುದೂ ಇದೆ, ಸಂಘಗಳೊಳಗೆ ರಾಜಕೀಯವೂ ಇದೆ. ಆದರೆ ಇಲ್ಲಿ ಮಾವ ಹೇಳಿದ ಆ ದೊಡ್ಡ ಕಷ್ಟ, ಕಾಯಲು ಆಗದಿರುವುದು, ಬಗೆಹರಿದಿದೆ. ಹಾಲು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಒಬ್ಬಳೇ ಹೆಂಗಸು ಅದನ್ನು ಹಿಡಿದು ಬೆಲೆ ಮಾತಾಡಲಾರಳು. ಸಾವಿರಾರು ಜನ ಸೇರಿ ಕೋಲ್ಡ್ ಸ್ಟೋರೇಜ್ ಇಟ್ಟುಕೊಂಡರೆ ಮಾತಾಡಬಹುದು.

ಮೆಕ್ಕೆಜೋಳ ಹಾಲಿಗಿಂತ ಜಾಸ್ತಿ ದಿನ ಬಾಳುತ್ತದೆ. ಸರಿಯಾಗಿ ಒಣಗಿಸಿದರೆ ತಿಂಗಳುಗಟ್ಟಲೆ ಇಡಬಹುದು. ನಮ್ಮ ಹೋಬಳಿಯಲ್ಲಿ ಒಂದು ಒಣಗಿಸುವ ಯಂತ್ರ, ಒಂದು ಗೋದಾಮು, ಅಲ್ಲಿಟ್ಟ ಕಾಳಿನ ರಸೀದಿ ತೋರಿಸಿದರೆ ಕಡಿಮೆ ಬಡ್ಡಿಗೆ ಸಾಲ. ಇಷ್ಟಿದ್ದರೆ ನವೆಂಬರ್‌ನಲ್ಲಿ ಎಲ್ಲರೂ ಒಟ್ಟಿಗೆ ಯಾರ್ಡಿಗೆ ಓಡಬೇಕಿಲ್ಲ. ಬೆಲೆ ಪೇಟೆಯೇ ಮಾಡಲಿ, ಕಾಯುವ ಶಕ್ತಿ ನಮಗೆ ಬರಲಿ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. “ಗೋದಾಮು ಯಾರು ಕಟ್ತಾರೆ?” ಎಂದರು. ಸರ್ಕಾರ ಕಟ್ಟಲಿ, ನಡೆಸುವುದು ರೈತರ ಸಂಘ ನಡೆಸಲಿ ಎಂದೆ. ಮಾವ ನಡುವೆ ಬಾಯಿ ಹಾಕಿದರು: “ಕೀಲಿ ಯಾರ ಹತ್ರ ಇರುತ್ತೆ?”

ಅವತ್ತು ರಾತ್ರಿ ಊಟದವರೆಗೂ ಇಬ್ಬರೂ ಆ ಕೀಲಿಯ ಬಗ್ಗೆಯೇ ಮಾತಾಡಿದರು.